ಬಾಟಲಿಯೊಳಗಿನ ಹಸಿರು ನೀರು

ಅರವತ್ತು ದಾಟಿದ ಮೇಲೆ ನನಗೆ ಎರಡನೆಯ ಸಲ ನೌಕರಿ ಸಿಕ್ಕಿತು. ಮೊದಲನೆಯದು ಸಿಕಂದರಾಬಾದಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ, ಟ್ರಂಕ್ ಕಾಲ್ ಆಪರೇಟರ್ ಆಗಿ. ಅದರಲ್ಲೇ ಕೂದಲು ಹಣ್ಣಾಗಿ ನಿವೃತ್ತಿಯಾದೆ. ಎರಡನೆಯದು ಮಾದಾಪುರದ ಗಾಜಿನ ಕಟ್ಟಡವೊಂದರಲ್ಲಿ. ಹೈದರಾಬಾದಿನಲ್ಲಿ ಆಗ ಬಂಡೆ ಸಿಡಿಸಿದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಂಥ ಒಂದರ ಮೂರನೆಯ ಮಹಡಿಯಲ್ಲಿ ಕಾಲ್ ಸೆಂಟರ್ ತೆರೆದಿದ್ದರು. ಕರ್ನಾಟಕದಲ್ಲಿ ಯಾರ ಮೊಬೈಲು ಕೆಟ್ಟರೂ ಯಾರ ಬಿಲ್ಲು ತಪ್ಪಿದರೂ ಫೋನು ಬಂದು ಬೀಳುತ್ತಿದ್ದದ್ದು ಅಲ್ಲಿಗೆ. ಉತ್ತರ ಹೇಳಲು ರಾಯಚೂರು, ಬೀದರ, ಗುಲಬರ್ಗಾ ಕಡೆಯ ಹುಡುಗ ಹುಡುಗಿಯರನ್ನು ಕರೆತಂದು ಕೂರಿಸಿದ್ದರು. ಅವರಿಗೆ ಫೋನಿನಲ್ಲಿ ಮಾತಾಡುವುದನ್ನು ಕಲಿಸಲು ಒಬ್ಬರು ಬೇಕಾಗಿತ್ತು. ಹಳೆಯ ಸಹೋದ್ಯೋಗಿಯೊಬ್ಬಳು ನನ್ನ ಹೆಸರು ಹೇಳಿದ್ದಳು.

ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ ಅನ್ನುತ್ತಾರಲ್ಲ, ನನ್ನ ಪಾಲಿಗೆ ಎರಡೂ ಒಟ್ಟಿಗೆ ಬಂದಿದ್ದವು. ಆ ವಯಸ್ಸಿನಲ್ಲಿ ನನ್ನ ಬಾಯಲ್ಲಿದ್ದವು ಪೂರಾ ನನ್ನವೇ ಹಲ್ಲು. ನಮ್ಮ ತಾಯಿ ಈ ವಯಸ್ಸಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ನಾನು ಕಟಕ್ ರೊಟ್ಟಿಯನ್ನೇ ಕಡಿಯುತ್ತಿದ್ದೆ, ಅದೂ ಸದ್ದು ಮಾಡಿಕೊಂಡು, ನಾಲ್ಕು ಜನಕ್ಕೆ ಕೇಳಿಸಲಿ ಎಂದು.

ಫೋನಿನ ಮಾತಿಗೆ ಹಲ್ಲು ಎಷ್ಟು ಮುಖ್ಯ ಎಂಬುದು ಆಪರೇಟರಾಗಿದ್ದವರಿಗೆ ಮಾತ್ರ ಗೊತ್ತು. ತಂತಿಯಲ್ಲಿ ಹಾಯುವಾಗ ಸಕಾರದ ಗಾಳಿ ಅರ್ಧ ಸೋರಿಹೋಗುತ್ತದೆ. ಮುಂದಿನ ಹಲ್ಲುಗಳ ಹಿಂದೆ ಉಸಿರನ್ನು ಹಿಡಿದು, ಅಳೆದು ಬಿಡಬೇಕು. ಆಗಲೇ ಆ ತುದಿಯಲ್ಲಿರುವವನಿಗೆ ‘ಸಾವಿರ’ ಎಂಬುದು ಸಾವಿರವಾಗಿಯೇ ಮುಟ್ಟುವುದು. ಹುಡುಗರನ್ನು ಅರ್ಧ ವೃತ್ತದಲ್ಲಿ ಕೂರಿಸಿ, ‘ನನ್ನ ಬಾಯಿ ನೋಡ್ರಿ, ಕಿವಿ ಆಮ್ಯಾಲ’ ಅನ್ನುತ್ತಿದ್ದೆ. ಅವರು ನನ್ನ ಮುಂದಿನ ಹಲ್ಲುಗಳನ್ನೇ ನೋಡಿ ಕಲಿತರು. ಹಬ್ಬಕ್ಕೆ ಊರಿಗೆ ಹೋದ ಹುಡುಗಿಯೊಬ್ಬಳು ಬಂದು, ‘ಮೇಡಮ್ಮರೀ, ನಮ್ಮವ್ವ ನನ್ನ ಮಾತು ಕೇಳಿ ರೇಡಿಯೋದಾಗಿನಾಕಿ ಬಂದಂಗಾತು ಅಂದ್ಲು’ ಎಂದಾಗ ನನಗಾದ ಸಂತೋಷ ಪ್ರಮೋಶನ್ ಸಿಕ್ಕಾಗಲೂ ಆಗಿರಲಿಲ್ಲ. ಮನೆ, ಅಡಿಗೆ, ಮಣಿಕೊಂಡದ ಅಪಾರ್ಟ್‌ಮೆಂಟಿನ ಬಾಲ್ಕನಿ ಇಷ್ಟೇ ಆಗಿದ್ದವಳಿಗೆ ಮತ್ತೊಮ್ಮೆ ಕೊರಳು ಬಂದಿತ್ತು. ಹಲ್ಲು ಹೋದರೆ ಅದೂ ಹೋಗುತ್ತಿತ್ತು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ, ಹಲ್ಲಿನ ವಿಷಯಕ್ಕೆ ಮುದುಕಿ ಇಷ್ಟೊಂದು ರಂಪ ಮಾಡಿದಳೇ ಎಂದು ನೀವೂ ನಗುತ್ತೀರಿ.

ಬಿ.ಪಿ. ಮಾತ್ರೆ ಶುರುವಾದ ಮೇಲೆ ನನ್ನ ಬಾಯಿ ಒಣಗತೊಡಗಿತು. ಪಾಠದ ನಡುವೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಒಂದು ದಿನ ಕನ್ನಡಿಯಲ್ಲಿ ನೋಡಿದರೆ ಮೇಲಿನ ಮುಂದಿನ ಹಲ್ಲಿನ ಬುಡದಲ್ಲಿ, ಒಸಡು ಸರಿದ ಕಡೆ, ಕಂದು ಗೆರೆ. ಮನೆ ಹತ್ತಿರವೇ ಹೊಸದಾಗಿ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರಲ್ಲಿಗೆ ಹೋದೆವು, ನಾನೂ ನಮ್ಮ ಮನೆಯವರೂ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಗುಂಟೂರು ಕಡೆಯವಳು, ತೆಲುಗು ಮಾತಾಡುವವಳು. ಕನ್ನಡಿ ಹಿಡಿದು ತಾಳ್ಮೆಯಿಂದ ತಿಳಿಸಿ ಹೇಳಿದಳು. ವಯಸ್ಸಾದಂತೆ ಒಸಡು ಹಿಂದಕ್ಕೆ ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರು ಮೇಲಿನ ಹಲ್ಲಿನಷ್ಟು ಗಟ್ಟಿಯಲ್ಲ. ಜೊಲ್ಲು ಕಡಿಮೆಯಾದರೆ ಹುಳುಕು ಅಲ್ಲಿಂದಲೇ ಹತ್ತುತ್ತದೆ. ಈಗಿರುವುದು ಬರೀ ಶುರು, ಇಲ್ಲಿಗೇ ನಿಲ್ಲಿಸಬಹುದು. ದಿನಾ ಮಲಗುವ ಮುಂಚೆ ಹಲ್ಲುಜ್ಜಿ, ಫ್ಲೋರೈಡ್ ಇರುವ ಈ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಬೇಕು. ಉಗುಳಿದ ಮೇಲೆ ನೀರು ಹಾಕಿ ತೊಳೆಯಬಾರದು, ಏನೂ ತಿನ್ನಬಾರದು. ಹಲ್ಲಿನ ಮೇಲೆ ಅದು ಕೂತಿದ್ದಷ್ಟೂ ಒಳ್ಳೆಯದು.

‘ಫ್ಲೋರೈಡಾ?’ ಎಂದು ನಮ್ಮ ಮನೆಯವರು ಕುರ್ಚಿಯಲ್ಲಿ ಮುಂದಕ್ಕೆ ಬಗ್ಗಿದರು.

ಅವರು ಬಗ್ಗಲು ಕಾರಣವಿತ್ತು. ಅವರ ಜೀವಮಾನದ ನೌಕರಿಯೆಲ್ಲ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಇಲಾಖೆಯಲ್ಲಿ. ನಲ್ಗೊಂಡ ಕಡೆ ಎಷ್ಟೋ ವರ್ಷ ಫ್ಲೋರೈಡ್ ಮಿತಿಮೀರಿದ ಬೋರ್‌ವೆಲ್ಲುಗಳನ್ನು ಹುಡುಕಿ, ಕೈಪಂಪುಗಳಿಗೆ ಕೆಂಪು ಬಣ್ಣ ಬಳಿಸುವುದೇ ಅವರ ಕೆಲಸವಾಗಿತ್ತು. ಕೆಂಪು ಪಂಪು ಎಂದರೆ ಕುಡಿಯಬೇಡಿ ಎಂದು ಗುರುತು. ಅದಕ್ಕಿಂತ ಮೊದಲೇ, ರಾಯಚೂರು ಜಿಲ್ಲೆಯ ಅವರ ಊರಿನಲ್ಲಿ, ಮನೆಯ ಬಾವಿಯ ಅಂಥದೇ ನೀರು ಕುಡಿದು ಅವರ ಒಬ್ಬಳೇ ತಂಗಿಯ ಕಾಲು ಸೊಟ್ಟಗಾಗಿ, ಬೆನ್ನು ಬಾಗಿತ್ತು. ಆಕೆ ಆಕಾಶ ನೋಡಬೇಕೆಂದರೆ ಮಲಗಿಯೇ ನೋಡಬೇಕು.

ಅವರು ನಲ್ಗೊಂಡದ ನೀರಿನ ಮಾತೆತ್ತಿದಾಗ ಡಾಕ್ಟರು ನಕ್ಕು, ‘ಅಂಕುಲ್, ಅದು ವರ್ಷಗಟ್ಟಲೆ ಕುಡಿದದ್ದು. ಇದು ಬಾಯಲ್ಲಿ ಆಡಿಸಿ ಉಗುಳುವುದು’ ಎಂದು ತೆಲುಗಿನಲ್ಲಿ ಹೇಳಿದಳು. ಮನೆಯವರು ‘ಆಗಲಿ’ ಎಂದರು. ಅಷ್ಟು ಬೇಗ ಒಪ್ಪಿಬಿಟ್ಟರಲ್ಲ ಎಂದು ನನಗೇ ಸೋಜಿಗವಾಯಿತು. ಟ್ಯಾಂಕರಿನ ನೀರು ಬಂದರೂ ಗ್ಲಾಸಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡುವ ಮನುಷ್ಯ!

ಬಾಟಲಿ ತಂದವರು ಅವರೇ. ತಂದು, ಮುಚ್ಚಳ ತೆಗೆದು, ಬಚ್ಚಲುಮನೆಯ ಹಲಗೆಯ ಮೇಲೆ ಇಟ್ಟವರೂ ಅವರೇ. ನನಗೆ ಬೆರಳಿನ ಗಿಣ್ಣಿನಲ್ಲಿ ಸಂಧಿವಾತ. ಅಂಥ ಬಾಟಲಿಗಳ ಮುಚ್ಚಳವನ್ನು ಒತ್ತಿ ತಿರುಗಿಸಬೇಕು, ನನ್ನ ಕೈಲಿ ಆಗುವುದಿಲ್ಲ. ‘ನೀ ಯಾಕ ಒದ್ದಾಡ್ತಿ, ಬಿಡು, ನಾ ತೆಗೆದು ಇಡ್ತೀನಿ’ ಅಂದರು. ಅಂದಿನಿಂದ ಒಂದು ಬಾಟಲಿ ಮುಗಿಯುವ ಮೊದಲೇ ಇನ್ನೊಂದು, ಮುಚ್ಚಳ ಸಡಿಲಿಸಿಟ್ಟದ್ದು, ಹಲಗೆಯ ಮೇಲೆ ತಯಾರಿರುತ್ತಿತ್ತು. ತಿಳಿ ಹಸಿರು ನೀರು, ಪುದಿನದ ವಾಸನೆ, ಬಾಯಿಗೆ ಸಿಹಿ. ಕಾಲ್ ಸೆಂಟರಿನ ಹುಡುಗಿಯರ ಮುಂದೆ ನಾನು ಇದನ್ನು ಹೇಳಿಕೊಂಡು ಮೆರೆದದ್ದೂ ಉಂಟು. ಗಂಡ ಅಂದರೆ ಹೀಗಿರಬೇಕು ನೋಡ್ರೆ, ಎಂದು!

ನನಗೆ ಕಷ್ಟವಾದದ್ದು ಬಾಯಿ ತೊಳೆಯದೆ ಮಲಗುವುದು. ನಮ್ಮಲ್ಲಿ ಒಂದು ಅಡಿಕೆಹೋಳು ಬಾಯಿಗೆ ಹಾಕಿದರೂ ಆಮೇಲೆ ಬಾಯಿ ಮುಕ್ಕಳಿಸದಿದ್ದರೆ ಎಂಜಲು ಬಾಯಿ. ಎಂಜಲು ಬಾಯಲ್ಲಿ ದೇವರ ಹೆಸರು ಹೇಳುವಂತಿಲ್ಲ, ಹಾಸಿಗೆ ಹತ್ತುವಂತಿಲ್ಲ. ಹುಟ್ಟಿದಾಗಿನಿಂದ ಕೈಗೆ ಬಂದ ರೂಢಿ. ಔಷಧಿ ಉಗುಳಿದ ಕೂಡಲೇ ಕೈ ತಾನಾಗಿ ತಂಬಿಗೆಗೆ ಹೋಗುತ್ತಿತ್ತು. ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡು, ದೇವರಿಗೆ ಮನಸ್ಸಿನಲ್ಲೇ ಕೈಮುಗಿದು, ತಪ್ಪಾಯಿತು ತಂದೆ, ಡಾಕ್ಟರು ಹೇಳಿದ್ದಾರೆ, ಎಂದು ಮಲಗುತ್ತಿದ್ದೆ. ಬಾಯಲ್ಲಿ ಸಿಹಿ ಹಾಗೇ ಉಳಿದಿರುತ್ತಿತ್ತು. ಹಲ್ಲಿನ ಮೇಲೆ ಕೂತು ಕೆಲಸ ಮಾಡುತ್ತಿದೆ ಅಂದುಕೊಳ್ಳುತ್ತಿದ್ದೆ. ಮಾಡುತ್ತಲೇ ಇತ್ತು, ಅದರ ಕೆಲಸ.

ಆರು ತಿಂಗಳಿಗೆ ತೋರಿಸಲು ಹೋದಾಗ ಡಾಕ್ಟರ ಮುಖ ಸಪ್ಪಗಾಯಿತು. ಕಂದು ಗೆರೆ ಗುಳಿಯಾಗಿತ್ತು. ಪಕ್ಕದ ಹಲ್ಲುಗಳ ಬುಡಕ್ಕೂ ಹಬ್ಬಿತ್ತು. ‘ಆಂಟೀ, ನಿಜ ಹೇಳಿ, ದಿನಾ ಹಾಕಿಕೊಳ್ಳುತ್ತೀರಾ?’ ಎಂದಳು. ಒಂದು ದಿನವೂ ತಪ್ಪಿಸಿಲ್ಲ ಎಂದೆ. ನೀರಿನಿಂದ ತೊಳೆಯುತ್ತಿಲ್ಲ ತಾನೇ? ಇಲ್ಲ. ಸಿಹಿ ಹೆಚ್ಚು ತಿನ್ನುತ್ತೀರಾ? ಚಹಾಕ್ಕೂ ಸಕ್ಕರೆ ಬಿಟ್ಟಿದ್ದೇನಮ್ಮಾ ಎಂದೆ. ಅವಳು ನಂಬಲಿಲ್ಲ. ನಂಬದಿದ್ದದ್ದು ಅವಳ ಕಣ್ಣಿನಲ್ಲೇ ಕಾಣುತ್ತಿತ್ತು. ಆಗ ಪಕ್ಕದಲ್ಲಿದ್ದ ನಮ್ಮ ಮನೆಯವರು ತೆಲುಗಿನಲ್ಲಿ, ಮೆಲ್ಲಗೆ, ನನ್ನ ಪರವಾಗಿ ಕ್ಷಮೆ ಕೇಳುವವರ ಹಾಗೆ ಹೇಳಿದರು: ‘ವಯಸ್ಸಾಯಿತಲ್ಲಮ್ಮಾ, ಆಗಾಗ ಮರೆತುಬಿಡುತ್ತಾಳೆ.’

ನಾನು ಅವರ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಿದ್ದರು.

ಮನೆಗೆ ಬಂದು ಜಗಳ ಮಾಡಬೇಕಾಗಿತ್ತು. ಮಾಡಲಿಲ್ಲ. ನನಗೆ ಭಯ ಹತ್ತಿತು. ಅರ್ಧ ಹೈದರಾಬಾದಿನ ಫೋನ್ ನಂಬರು ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದವಳು ನಾನು. ಅಂಥವಳಿಗೇ ಮರೆವು ಬಂತೇ? ಬಂದವರಿಗೆ ಬಂದದ್ದು ಗೊತ್ತಾಗುವುದಿಲ್ಲವಂತೆ. ಒಲೆ ಆರಿಸಿದೆನೇ ಎಂದು ಎರಡು ಸಲ ನೋಡತೊಡಗಿದೆ. ಪಾಠದಲ್ಲಿ ಹುಡುಗರ ಹೆಸರು ಹಿಡಿದು ಕರೆಯಲು ಹಿಂಜರಿಯತೊಡಗಿದೆ. ಬಾಯಿ ಮುಕ್ಕಳಿಸುವಾಗಂತೂ ಬಚ್ಚಲಿನ ಬಾಗಿಲು ತೆರೆದಿಟ್ಟು, ‘ನೋಡ್ರಿ, ಹಾಕ್ಕೊಳ್ಳಾಕತ್ತೀನಿ, ನೀವ ಸಾಕ್ಷಿ’ ಎಂದು ಅವರನ್ನೇ ಕರೆಯುತ್ತಿದ್ದೆ. ಅವರು ಬಾಗಿಲಲ್ಲಿ ನಿಂತು, ‘ಹ್ಞೂಂ, ನೋಡೀನಿ’ ಎನ್ನುತ್ತಿದ್ದರು. ನಿಂತು ನೋಡಿದರು, ಮಹಾರಾಯರು! ಆ ಹಸಿರು ನೀರಿನಲ್ಲಿ ನಾನು ಗಳಗಳ ಮಾಡುವುದನ್ನು ಕಣ್ಣಾರೆ ನೋಡಿದರು.

ಆ ಬೇಸಗೆಯಲ್ಲಿ ತಂಗಿಗೆ ಹುಷಾರಿಲ್ಲವೆಂದು ಅವರು ಊರಿಗೆ ಹೋದರು. ಎರಡು ದಿನದಲ್ಲಿ ಬರುತ್ತೇನೆಂದವರು ವಾರ ಕಳೆದರೂ ಬರಲಿಲ್ಲ. ಇತ್ತ ಬಾಟಲಿ ಮುಗಿಯಿತು. ನಾನೇ ಮೆಡಿಕಲ್ ಶಾಪಿಗೆ ಹೋಗಿ ಕೊಂಡು, ಅಂಗಡಿಯವನ ಕೈಲೇ ಮುಚ್ಚಳ ತೆಗೆಸಿಕೊಂಡು ಬಂದೆ. ಬಣ್ಣ ಅದೇ. ಬಾಯಿಗೆ ಹಾಕಿದರೆ ಬೇರೆ! ನಾಲಿಗೆ ಚುರುಚುರು ಎಂದಿತು. ಸಿಹಿ ಅಂಥದೇನಿಲ್ಲ, ಕೊನೆಗೆ ಒಂದು ಥರದ ಔಷಧಿ ರುಚಿ. ಥೂ ಎಂದು ಉಗುಳಿ, ಬೆಳಗಾಗುವುದನ್ನೇ ಕಾದು, ಬಾಟಲಿ ಹಿಡಿದುಕೊಂಡು ಅಂಗಡಿಗೆ ನುಗ್ಗಿದೆ. ನಕಲಿ ಮಾಲು ಮಾರುತ್ತೀಯಾ, ಮುದುಕಿ ಅಂತ ಸದರವೇ, ಎಂದು ನಾಲ್ಕು ಜನರ ಎದುರು ತೆಲುಗು ಹಿಂದಿ ಎರಡರಲ್ಲೂ ಬಿಡಿಸಿದೆ. ಅವನು ಪಾಪ, ಬೇರೆ ಬಾಟಲಿ ಒಡೆದು ಕೊಟ್ಟ. ಅದೂ ಚುರುಚುರು. ಪೇಟೆಯ ಇನ್ನೊಂದು ಅಂಗಡಿಯಿಂದ ತರಿಸಿ ಒಡೆದ. ಅದೂ ಅದೇ ರುಚಿ. ‘ಸಾರ್ ಒಯ್ಯುವುದೂ ಇದನ್ನೇ ಅಮ್ಮಾ’ ಎಂದ.

ಮನೆಗೆ ಬಂದು ಬಚ್ಚಲಿನ ಕಸದ ಬುಟ್ಟಿಯಲ್ಲಿದ್ದ ಖಾಲಿ ಬಾಟಲಿ ಎತ್ತಿದೆ. ಅದರ ಬಾಯಿಗೆ ಇರುವೆ ಮುತ್ತಿದ್ದವು. ಒಳಗೆ ತಳದಲ್ಲಿ ಪಾಕದಂಥ ಅಂಟು. ಆ ಹಲಗೆಗೆ ಇರುವೆ ಬರುತ್ತವೆಂದು ನಾನೇ ಎಷ್ಟು ಸಲ ಅರಿಶಿನ ಉದುರಿಸಿದ್ದೆ. ಔಷಧಿಗೆ ಇರುವೆ ಯಾಕೆ ಬರಬೇಕೆಂದು ಒಂದು ಸಲವಾದರೂ ತಲೆಗೆ ಹೊಳೆಯಬಾರದೇ! ಬೆರಳಿಗೆ ಅಂಟಿದ್ದನ್ನು ನಾಲಿಗೆಗೆ ಹಚ್ಚಿ ನೋಡಿದೆ. ಸಕ್ಕರೆ. ಅವರು ಕ್ಷೌರದ ಸಾಮಾನು ಇಡುವ ಗೂಡಿನಲ್ಲಿ, ಹಿಂದುಗಡೆ, ಪುದಿನ ಹೂವು ಅನ್ನುವ ಮೆಂಥಾಲ್ ಹರಳಿನ ಶೀಶೆಯೂ ಮಿಠಾಯಿಗೆ ಹಾಕುವ ಹಸಿರು ಬಣ್ಣದ ಪೊಟ್ಟಣವೂ ಸಿಕ್ಕವು.

ಊರಿಗೆ ಫೋನು ಹಚ್ಚಿದೆ. ‘ಬಾಟಲ್ಯಾಗ ಏನ ಹಾಕಿಡ್ತಿದ್ರಿ?’ ಎಂದು ಕೇಳಿದೆ, ಅಷ್ಟೇ. ಆ ಕಡೆ ಮೌನ. ಫೋನಿನ ಮೌನಗಳಲ್ಲಿ ನಾನು ಪಳಗಿದವಳು. ಲೈನು ಕಡಿದ ಮೌನ ಬೇರೆ, ಸುಳ್ಳು ಹುಡುಕುವವರ ಮೌನ ಬೇರೆ, ಸಿಕ್ಕಿಬಿದ್ದವರ ಮೌನ ಬೇರೆ. ಕೊನೆಗೆ ‘ಬಂದು ಹೇಳ್ತೀನಿ’ ಎಂದು ಇಟ್ಟುಬಿಟ್ಟರು.

ಬಂದರು. ಚೀಲ ಕೆಳಗಿಡುವ ಮೊದಲೇ ಹೇಳಿದರು. ಔಷಧಿಯನ್ನು ಮೊದಲ ದಿನದಿಂದಲೂ ಮೋರಿಗೆ ಚೆಲ್ಲುತ್ತಿದ್ದರು. ಚೆಲ್ಲುವ ಮುಂಚೆ ನಾಲಿಗೆಯ ತುದಿಗೆ ಹಚ್ಚಿ ನೋಡಿದ್ದರು. ಸ್ವಲ್ಪ ಸಿಹಿ ಅನ್ನಿಸಿತ್ತು. ಅದಕ್ಕೇ ಕಾಯಿಸಿ ಆರಿಸಿದ ನೀರಿಗೆ ಪುದಿನ ಹೂವು, ಬಣ್ಣ, ಸಕ್ಕರೆ ಹಾಕಿ ಕಲಸಿ ತುಂಬುತ್ತಿದ್ದರು. ನಾನು ಮಾದಾಪುರದಲ್ಲಿ ಹುಡುಗರಿಗೆ ಸಕಾರ ಕಲಿಸುತ್ತಿರುವಾಗ ಇವರು ಅಡಿಗೆಮನೆಯಲ್ಲಿ ಅದನ್ನು ಸೋಸುತ್ತಿದ್ದರು!

‘ಉಗುಳತೀನಿ ಅಂತಿ, ಖರೆ. ಬಾಯಾಗ ಹೋದದ್ದು ಒಂದು ಹನಿನಾದ್ರೂ ಹೊಟ್ಟಿಗೆ ಹೋಗೇ ಹೋಗ್ತೈತಿ’ ಎಂದರು. ‘ತಂಗೀನ್ನ ನೋಡಿ ಬಂದೀನಿ ಈಗ. ಎದ್ದು ಕೂಡ್ಲಿಕ್ಕ ಬರವಲ್ದು ಆಕಿಗೆ. ನಿನಗೂ ಹಂಗ ಆದ್ರ ನಾ ಏನ ಮಾಡ್ಲಿ?’

‘ಸಕ್ರಿ ಯಾಕ ಹಾಕಿದ್ರಿ?’

‘ಒಂದ ಚಮಚಾ ಸಕ್ರಿ. ಅದರಾಗ ಏನೈತಿ?’

ಊರಿಗೆಲ್ಲ ನೀರಿನ ವಿಷ ತೋರಿಸಿಕೊಟ್ಟ ಮನುಷ್ಯ! ಹಾಸಿಗೆಗೆ ಹೋಗುವ ಮುಂಚೆ ಒಣಗಿದ ಬಾಯಿಗೆ ಸಕ್ಕರೆ ನೀರು, ಅದನ್ನು ತೊಳೆಯಬಾರದೆಂದು ಡಾಕ್ಟರ ಕಟ್ಟಪ್ಪಣೆ. ಹಲ್ಲು ಉಳಿಸಿಕೊಳ್ಳಲೆಂದು ನಾನು ಎಂಜಲು ಬಾಯಲ್ಲಿ ಮಲಗಿದೆ, ಆ ಎಂಜಲೇ ನನ್ನ ಹಲ್ಲು ತಿಂದಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಆದರೂ ಹೇಳುತ್ತೇನೆ, ಆ ತಂಗಿಯ ಕಾಲುಗಳನ್ನು ನಾನೂ ನೋಡಿದ್ದೆ. ಅವರ ಹೆದರಿಕೆ ನನಗೆ ತಿಳಿಯದ್ದಲ್ಲ. ನನ್ನ ಎದುರು ಕೂತು, ನನಗೆ ಹೆದರಿಕೆ ಆಗ್ತೈತಿ, ನೀ ಹಾಕ್ಕೋಬ್ಯಾಡ, ಅಂದಿದ್ದರೆ ನಾನು ಕೂಗಾಡುತ್ತಿದ್ದೆ, ಹಟ ಮಾಡುತ್ತಿದ್ದೆ, ಒಪ್ಪಿಸುತ್ತಿದ್ದೆ, ಇಲ್ಲವೇ ಒಪ್ಪುತ್ತಿದ್ದೆ. ಹಲ್ಲು ನನ್ನದು, ಹೋಗಲಿ ಎನ್ನುವ ಮಾತೂ ನನ್ನದೇ ಆಗಿರುತ್ತಿತ್ತು. ಅದನ್ನೆಲ್ಲ ಬಿಟ್ಟು ಆ ಹುಡುಗಿ ಡಾಕ್ಟರ ಎದುರು ನನ್ನನ್ನು ಮರೆಗುಳಿ ಮಾಡಿದರು. ಗೊತ್ತಿದ್ದೂ ಮಾಡಿದರು. ಒಲೆ ಆರಿಸಿದೆನೇ ಎಂದು ನಾನು ಮತ್ತೆ ಮತ್ತೆ ಎದ್ದು ಹೋಗುವುದನ್ನು ನೋಡುತ್ತಲೂ ಬಾಯಿ ಬಿಡಲಿಲ್ಲ. ಸಕ್ಕರೆಯನ್ನು ಒಂದು ದಿನ ಕ್ಷಮಿಸಿಯೇನು. ಇದನ್ನು ಹೇಗೆ ಕ್ಷಮಿಸಲಿ?

‘ಡಾಕ್ಟರ್ ಮುಂದ ಹೇಳಬೇಕು. ನನ್ನ ಹೆಂಡತಿ ಮರೀಲಿಲ್ಲ, ನಾನ ಚೆಲ್ಲಿದೆ ಅಂತ, ನಿಮ್ಮ ಬಾಯಿಲೇನ ಹೇಳಬೇಕು’ ಎಂದೆ.

‘ಹೇಳ್ತೀನಿ’ ಎಂದರು. ‘ನಿನ್ನಾಣಿ, ಹೇಳ್ತೀನಿ.’

ಅಷ್ಟರಲ್ಲಿ ಮೇಲಿನ ಮುಂದಿನ ನಾಲ್ಕೂ ಹಲ್ಲು ಬುಡದಿಂದ ಹೋಗಿದ್ದವು. ಒಂದಂತೂ ರೊಟ್ಟಿ ಕಡಿಯುವಾಗ ಒಸಡಿನ ಸಮಕ್ಕೆ ಮುರಿಯಿತು. ತೆಗೆಸಬೇಕು, ಗಾಯ ಮಾಯ್ದ ಮೇಲೆ ಕಟ್ಟಿಸಿದ ಹಲ್ಲು ಹಾಕಿಸಬೇಕು ಎಂದಾಯಿತು. ಕಾಲ್ ಸೆಂಟರಿಗೆ ರಜೆ ಹೇಳಿದೆ. ಅಲ್ಲಿಯ ಮ್ಯಾನೇಜರ್ ಹುಡುಗ ಬಹಳ ಮರ್ಯಾದೆಯಿಂದ, ಆರಾಮ ಮಾಡ್ರಿ ಮೇಡಂ, ಸದ್ಯಕ್ಕೆ ಬೆಂಗಳೂರಿನಿಂದ ಒಬ್ಬರನ್ನು ಕರೆಸುತ್ತೇವೆ ಎಂದ. ಸದ್ಯಕ್ಕೆ ಎಂಬ ಮಾತಿನ ಅರ್ಥ ನನಗೆ ತಿಳಿಯುತ್ತದೆ. ಕಟ್ಟಿಸಿದ ಹಲ್ಲಿನ ಹಿಂದೆ ಗಾಳಿ ಹೇಗೆ ಸಿಳ್ಳೆ ಹಾಕುತ್ತದೆ ಎಂಬುದನ್ನು ಎಕ್ಸ್‌ಚೇಂಜಿನ ಹಿರಿಯರಲ್ಲಿ ಕೇಳಿದ್ದೆ. ಅಂಥವರಿಗೆ ಫೋನಿನ ಕೆಲಸ ತಪ್ಪಿಸಿ ಫೈಲಿನ ಕೆಲಸ ಕೊಡುತ್ತಿದ್ದರು.

ಹಲ್ಲು ತೆಗೆಸುವ ದಿನ ಮುಂಜಾನೆ ಇಬ್ಬರೂ ಹೋದೆವು. ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು. ಹೇಳುವ ಮಾತನ್ನು ಮನಸ್ಸಿನಲ್ಲಿ ತೆಲುಗಿಗೆ ತಿರುಗಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಡಾಕ್ಟರು ಸೂಜಿ ಹಾಕಿದಳು. ತುಟಿ, ಮೂಗಿನ ಬುಡ ಎಲ್ಲ ಮರಗಟ್ಟಿತು. ಒಂದೊಂದಾಗಿ ನಾಲ್ಕೂ ತಟ್ಟೆಗೆ ಬಿದ್ದ ಸದ್ದು ಕೇಳಿದೆ. ಹತ್ತಿ ತುರುಕಿ, ಗಟ್ಟಿಯಾಗಿ ಕಚ್ಚಿ ಹಿಡಿಯಿರಿ ಎಂದಳು. ಆಮೇಲೆ ಕೈಗವಸು ಬಿಚ್ಚುತ್ತ, ಕೆಳಗಿನ ಹಲ್ಲುಗಳನ್ನಾದರೂ ಉಳಿಸಿಕೊಳ್ಳೋಣ, ಆ ನೀರನ್ನು ಇನ್ನು ಮೇಲಾದರೂ ಮರೆಯದೆ ಹಾಕಿಕೊಳ್ಳಬೇಕು ಆಂಟೀ ಎಂದಳು.

ನಾನು ಮನೆಯವರ ಕಡೆ ನೋಡಿದೆ. ಈಗ ಹೇಳುತ್ತಾರೆ ಎಂದು ಉಸಿರು ಹಿಡಿದೆ.

ಅವರು ಗಂಟಲು ಸರಿಮಾಡಿಕೊಂಡರು. ‘ಇನ್ನು ಮೇಲೆ ನಾನೇ ಮುಂದೆ ನಿಂತು ಹಾಕಿಸುತ್ತೇನಮ್ಮಾ. ಒಂದು ದಿನವೂ ತಪ್ಪಲು ಬಿಡುವುದಿಲ್ಲ’ ಎಂದರು, ಚಂದದ ತೆಲುಗಿನಲ್ಲಿ.

‘ಅಂಕುಲ್ ಥರದವರು ಸಿಗಬೇಕೆಂದರೆ ಪುಣ್ಯ ಮಾಡಿರಬೇಕು ಆಂಟೀ’ ಎಂದಳು ಡಾಕ್ಟರು.

ಬಾಯಲ್ಲಿದ್ದ ಹತ್ತಿಯನ್ನು ಕಿತ್ತು ಬೇಸಿನ್ನಿಗೆ ಎಸೆದೆ. ಅಂಗಡಿಯವನನ್ನಾದರೆ ತೆಲುಗಿನಲ್ಲಿ ಬಯ್ದೇನು, ಗಂಡನ ಮೇಲಿನ ಸಿಟ್ಟಿಗೆ ನನಗೆ ಬರುವ ಭಾಷೆ ಕನ್ನಡ ಒಂದೇ. ‘ನಾ ಮರೀಲಿಲ್ಲ! ಇವರು ಚೆಲ್ಲಿದ್ರು! ಔಷಧ ಚೆಲ್ಲಿ ಸಕ್ರಿ ನೀರು ತುಂಬಿಟ್ರು!’ ಎಂದು ಕೂಗಿದೆ. ಮರಗಟ್ಟಿದ ತುಟಿಯಲ್ಲಿ, ಹಲ್ಲಿಲ್ಲದ ಜಾಗದಲ್ಲಿ ಒಂದೂ ಅಕ್ಷರ ನಿಲ್ಲಲಿಲ್ಲ. ಬುಸಬುಸ ಗಾಳಿ, ಗದ್ದದ ಮೇಲೆ ರಕ್ತ. ಡಾಕ್ಟರು ಗಾಬರಿಯಾಗಿ ಅವರ ಕಡೆ ತಿರುಗಿ, ‘ಏಮಂಟುನ್ನಾರು ಅಂಕುಲ್?’ ಎಂದು ಕೇಳಿದಳು. ಏನನ್ನುತ್ತಿದ್ದಾರೆ?

ಅವರು ನನ್ನನ್ನು ನೋಡಿದರು. ನೇರವಾಗಿ, ಕಣ್ಣಿನಲ್ಲಿ ನೀರು ತುಂಬಿಕೊಂಡೇ ನೋಡಿದರು.

‘ನೋವಾಗುತ್ತಿದೆಯಂತಮ್ಮಾ’ ಎಂದರು.

ಡಾಕ್ಟರು ನನ್ನ ಗದ್ದ ಒರೆಸಿ, ಹೊಸ ಹತ್ತಿ ಇಟ್ಟು, ಅರ್ಧ ಗಂಟೆ ಬಾಯಿ ಬಿಡಬಾರದು ಎಂದಳು.